ನಿಮಗಿದು ಗೊತ್ತೆ? ಗಿಟಾರಿಗೆ ಒಲಿದ ಶಿಶುನಾಳದ ತತ್ವಪದ

● ಸಂತ ಶಿಶುನಾಳ ಶರೀಫರು (1819–1889) ಹುಟ್ಟಿದ್ದು ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನಲ್ಲಿ. ಕಳಸದ ಗೋವಿಂದ ಭಟ್ಟರು ಅವರ ಗುರುಗಳು.

● ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಭಜನಾ ಮೇಳಗಳು ತಾಳ, ದಮ್ಮಡಿ, ಹಾರ್ಮೋನಿಯಂ ಜತೆ ಹಾಡುವ ಶರೀಫರ ತತ್ವಪದಗಳನ್ನು ಸಿ. ಅಶ್ವತ್ಥ್ ಕ್ಯಾಸೆಟ್ಟು, ವೇದಿಕೆಗಳ ಮೂಲಕ ನಾಡಿನ ಮನೆಮನೆಗೂ ಮುಟ್ಟಿಸಿದರು. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದ ಸಂಗೀತವೂ ಅವರದೇ.

● ಅದೇ ಪದಗಳಿಗೆ ಗಿಟಾರ್, ಡ್ರಮ್ಸ್, ಪಿಟೀಲು ಕೂಡಿಸಿದವರು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್. 2008ರ ಅವರ ಮೊದಲ ಆಲ್ಬಮ್‌ನಲ್ಲಿ ‘ಗುಡುಗುಡಿಯಾ ಸೇದಿ ನೋಡೊ’, ‘ಸೋರುತಿಹುದು ಮನೆಯ ಮಾಳಿಗಿ’ ಎರಡೂ ಇವೆ.

● 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಅವರ ತಂಡ ಹಾಡಿತು. ಪಂಚೆ, ಕಾಲಿಗೆ ಗೆಜ್ಜೆ ರಘು ಅವರ ವೇದಿಕೆಯ ಉಡುಗೆ.

● ಕೊಲಂಬಿಯಾದ ಗಾಯಕ ಕಾರ್ಲೋಸ್ ವಿವೆಸ್ ಕೂಡ 1993ರ ಆಲ್ಬಮ್‌ನಲ್ಲಿ ತಮ್ಮ ನಾಡಿನ ‘ವಾಯೆನಾತೊ’ ಜನಪದ ಹಾಡುಗಳನ್ನು ಪಾಪ್, ರಾಕ್ ಜತೆ ಬೆಸೆದು ಹೊಸ ಪೀಳಿಗೆಯನ್ನು ಗೆದ್ದರು.

● ವಾದ್ಯ ಬದಲಾದರೂ ಪದದ ಅರ್ಥ ಮುಕ್ಕಾಗಿಲ್ಲ. ಶರೀಫರ ಸಾಹಿತ್ಯದ ಕಸುವು ಅಂಥದ್ದು.