ಅಜ್ಜನ ಪುಸ್ತಕಗಳನ್ನು ಓದುವವರಾರು?

ಇನ್ನೊಂದು ಭಾಷೆಯ ಕಲಿಕೆಯಿಂದೇನು ಲಾಭವೆಂದು ಕೇಳಿದರೆ, ಉದ್ಯೋಗ, ಪ್ರಯಾಣ ಎಂಬ ಉತ್ತರ ತಟ್ಟನೆ ಬರುತ್ತದೆ. ಇವೆರಡನ್ನೂ ಅಷ್ಟಾಗಿ ಕೊಡದ ಒಂದು ಭಾಷೆಯನ್ನು ಇಂದು ಪರಿಶೀಲಿಸೋಣ. ಅದು ಯಿಡ್ಡಿಷ್.

ಪೂರ್ವ ಯೂರೋಪಿನ ಯೆಹೂದ್ಯರ ಮನೆಮಾತಾದ ಇದು ಜರ್ಮನ್ ಮೂಲದ್ದು. ಬರೆಯುವುದು ಹೀಬ್ರೂ ಲಿಪಿಯಲ್ಲಿ. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಓದುವ ಕರಾವಳಿಯ ಕುಟುಂಬಗಳಿಗೆ ಇದು ವಿಚಿತ್ರವೆನಿಸದು. ಎರಡನೆಯ ಮಹಾಯುದ್ಧಕ್ಕೆ ಮುನ್ನ ಒಂದು ಕೋಟಿಗೂ ಅಧಿಕ ಜನರು ಇದನ್ನಾಡುತ್ತಿದ್ದರು. ನಾಜಿಗಳು ಕೊಂದ ಸುಮಾರು 60 ಲಕ್ಷ ಯೆಹೂದ್ಯರಲ್ಲಿ ಬಹುಪಾಲಿನವರ ನುಡಿ ಇದೇ ಆಗಿತ್ತು.

ಅಮೆರಿಕಕ್ಕೆ ವಲಸೆ ಹೋದವರ ಮಕ್ಕಳು ಇಂಗ್ಲಿಷಿಗೆ ಹೊರಳಿದರು. ಹಿರಿಯರು ತೀರಿಕೊಂಡಾಗ ಅವರ ಯಿಡ್ಡಿಷ್ ಪುಸ್ತಕಗಳು ಕಸದ ಪಾಲಾಗುತ್ತಿದ್ದವು. ಆ ಭಾಷೆಯನ್ನು ಕಲಿತ ಆರನ್ ಲ್ಯಾನ್‌ಸ್ಕಿ ಎಂಬ ತರುಣ ವಿದ್ಯಾರ್ಥಿ, ಓದಲು ಪುಸ್ತಕಗಳನ್ನು ಅರಸುತ್ತ ಈ ನಷ್ಟವನ್ನು ಕಂಡರು. 1980ರಲ್ಲಿ ಅವರು ಸ್ಥಾಪಿಸಿದ ಯಿಡ್ಡಿಷ್ ಬುಕ್ ಸೆಂಟರ್ ಹತ್ತು ಲಕ್ಷಕ್ಕೂ ಹೆಚ್ಚು ಪುಸ್ತಕಗಳನ್ನು ಸಂಗ್ರಹಿಸಿತು. ಭಾಷೆ ಬಲ್ಲವನಿಗೆ ಮಾತ್ರ ಅವು ರದ್ದಿಯಲ್ಲ, ನಿಧಿಯೆಂದು ತೋರಿದವು.

1978ರ ನೊಬೆಲ್ ಪುರಸ್ಕೃತ ಐಸಾಕ್ ಬಾಷೆವಿಸ್ ಸಿಂಗರ್ ಬರೆದದ್ದೂ ಯಿಡ್ಡಿಷಿನಲ್ಲೇ. ಅನುವಾದವು ಕಥೆಯ ಅರ್ಥವನ್ನು ತಲುಪಿಸಬಲ್ಲದು. ಹೇಳಿದವರ ಧ್ವನಿ ಮೂಲದಲ್ಲೇ ಉಳಿಯುತ್ತದೆ. ಪರಭಾಷೆಯನ್ನು ಕಲಿಯುವವನು ಮೊದಲು ತಾನು ಸುಮ್ಮನಾಗಿ ಇನ್ನೊಬ್ಬರನ್ನು ಆಲಿಸಬೇಕು. ಈ ವಿನಯವು ಯಾವ ಸಂಬಳಕ್ಕಿಂತಲೂ ದೊಡ್ಡ ಗಳಿಕೆ. ಮೃತರ ಮಾತನ್ನೂ ಅದು ನಮಗೆ ಕೇಳಿಸುತ್ತದೆ.

ತಂದೆತಾಯಂದಿರೇ, ನಿಮ್ಮ ಕಪಾಟಿನಲ್ಲಿಯೂ ಅಜ್ಜ ಅಜ್ಜಿಯರ ಭಾಷೆಯ ಪುಸ್ತಕ, ಕಾಗದಗಳಿರಬಹುದು. ಮಕ್ಕಳಿಗೆ ಅವು ಓದಲು ಬರುತ್ತವೆಯೇ? ಬಾರದಿದ್ದರೆ, ಓದಿಸಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಕಲಿಸತೊಡಗಿರಿ.