ಬ್ರೇಕಿನೊಳಗೊಂದು ಗಾಳಿಗುಳ್ಳೆ

ಮನೆಮಂದಿಯನ್ನೆಲ್ಲ ಕೂರಿಸಿಕೊಂಡ ಕಾರೊಂದು ಘಟ್ಟ ಇಳಿಯುತ್ತಿದೆ. ತಿರುವಿನಿಂದ ತಿರುವಿಗೆ ಚಾಲಕನ ಕಾಲು ಬ್ರೇಕಿನ ಮೇಲೇ ಇದೆ. ಹತ್ತಾರು ತಿರುವು ಕಳೆಯುವ ಹೊತ್ತಿಗೆ ಇದ್ದಕ್ಕಿದ್ದಂತೆ ಪೆಡಲು ಮೆತ್ತಗಾಗುತ್ತದೆ. ಒತ್ತಿದಷ್ಟೂ ಕೆಳಗಿಳಿಯುತ್ತದೆ, ಕಾರಿನ ವೇಗ ಮಾತ್ರ ತಗ್ಗುವುದಿಲ್ಲ. ಯಾವ ಭಾಗವೂ ಮುರಿದಿಲ್ಲ, ಎಲ್ಲಿಯೂ ಸೋರಿಲ್ಲ. ಹಾಗಾದರೆ ಆದದ್ದೇನು? ಬ್ರೇಕಿನ ದ್ರವದೊಳಗೆ ಆವಿಯ ಗುಳ್ಳೆಗಳು ಹುಟ್ಟಿಕೊಂಡಿವೆ, ಅಷ್ಟೆ.

ಗುಳ್ಳೆಯೊಂದು ಇಷ್ಟು ದೊಡ್ಡ ಅನಾಹುತ ಮಾಡೀತೇ? ಪರೀಕ್ಷಿಸಲು ಸೂಜಿಯಿಲ್ಲದ ಎರಡು ಸಿರಿಂಜು, ಒಂದು ಗೇಣು ಪ್ಲಾಸ್ಟಿಕ್ ನಳಿಗೆ ಸಾಕು. ಎಲ್ಲದರಲ್ಲೂ ನೀರು ತುಂಬಿ, ಗಾಳಿ ಉಳಿಯದಂತೆ ಜೋಡಿಸಿ. ಒಂದು ಸಿರಿಂಜಿನ ಹಿಡಿಯನ್ನು ಒತ್ತಿದೊಡನೆ ಇನ್ನೊಂದರ ಹಿಡಿ ಹೊರಕ್ಕೆ ಸರಿಯುತ್ತದೆ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ 17ನೇ ಶತಮಾನದಲ್ಲೇ ತೋರಿಸಿಕೊಟ್ಟಿದ್ದ. ಈಗ ನಳಿಗೆಯೊಳಗೆ ಸ್ವಲ್ಪ ಗಾಳಿ ಬಿಡಿ. ಎರಡನೆಯ ಹಿಡಿಯನ್ನು ಬೆರಳಿನಿಂದ ತಡೆದು, ಮೊದಲಿನದನ್ನು ಒತ್ತಿ. ಅದು ಸ್ಪ್ರಿಂಗಿನಂತೆ ಒಳಗಿಳಿಯುತ್ತದೆ! ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಒತ್ತಿದ ಶ್ರಮವೆಲ್ಲ ಗುಳ್ಳೆಯನ್ನು ಹಿಂಡುವುದಕ್ಕೇ ಮುಗಿದುಹೋಗುತ್ತದೆ.

ಎಣ್ಣೆಯಲ್ಲದ ಆಯಿಲ್

ಗ್ಯಾರೇಜಿನಲ್ಲಿ ಇದಕ್ಕೆ ‘ಬ್ರೇಕ್ ಆಯಿಲ್’ ಎನ್ನುತ್ತಾರಾದರೂ ಅದು ಎಣ್ಣೆಯಲ್ಲ. ಬಹುತೇಕ ಕಾರುಗಳಲ್ಲಿ ಇರುವುದು ಗ್ಲೈಕಾಲ್ ಜಾತಿಯ ದ್ರವ. ಅದರ ಬದಲು ಎಂಜಿನ್ ಆಯಿಲ್ ಸುರಿದರೆ ರಬ್ಬರ್ ಸೀಲುಗಳು ಊದಿಕೊಂಡು ಕೆಡುತ್ತವೆ. ಈ ದ್ರವಕ್ಕೆ ಇನ್ನೊಂದು ಗುಣವಿದೆ. ತೆರೆದಿಟ್ಟ ಉಪ್ಪಿನಂತೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ‘ಡಾಟ್ 4’ ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದಾಗ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಘಟ್ಟದಲ್ಲಿ ಕಾದ ಬ್ರೇಕಿನ ಬಿಸಿ ದ್ರವಕ್ಕೆ ತಟ್ಟಿದಾಗ ಆವಿ ಏಳುವುದು ಇದರಿಂದಲೇ. ಆದ್ದರಿಂದ ಸುಮಾರು ಎರಡು ವರ್ಷಕ್ಕೊಮ್ಮೆ, ಅಥವಾ ಕಾರಿನ ಕೈಪಿಡಿ ಹೇಳಿದಂತೆ, ಹಳೆಯ ದ್ರವವನ್ನು ಪೂರ್ತಿ ಬದಲಾಯಿಸಬೇಕು. ಒಳಗೆ ಸೇರಿದ ಗಾಳಿಯನ್ನು ಹೊರಹಾಕುವ ಕೆಲಸಕ್ಕೆ ‘ಬ್ಲೀಡಿಂಗ್’ ಎಂದು ಹೆಸರು.

ಮನೆಯಂಗಳದಲ್ಲಿ

ಈ ಕೆಲಸಕ್ಕೆ ಇಬ್ಬರು ಬೇಕು. ಚಕ್ರದ ಬಳಿ ಅಪ್ಪ, ಪೆಡಲಿನ ಬಳಿ ಮಗಳು ಎಂದಿಟ್ಟುಕೊಳ್ಳಿ. ಕಾರು ಸಮತಟ್ಟಾದ ನೆಲದಲ್ಲಿರಬೇಕು, ಎಂಜಿನ್ ಆರಿರಬೇಕು, ಬೀಗದ ಕೈ ತೆಗೆದಿರಬೇಕು. ಬರೀ ಜಾಕಿನ ಮೇಲೆ ನಿಂತ ಕಾರಿನ ಬಳಿ ಕೆಲಸ ಮಾಡಲೇಬಾರದು, ಗಟ್ಟಿ ಸ್ಟ್ಯಾಂಡಿನ ಆಸರೆ ಬೇಕು. ಮೊದಲು ದ್ರವದ ಡಬ್ಬಿಯಲ್ಲಿರುವ ಹಳೆಯದರಲ್ಲಿ ಹೆಚ್ಚಿನ ಪಾಲನ್ನು ಸಿರಿಂಜಿನಿಂದ ತೆಗೆದು, ಆಗಷ್ಟೇ ಒಡೆದ ಡಬ್ಬದ ಹೊಸ ದ್ರವ ತುಂಬಬೇಕು. ಯಾವ ಚಕ್ರದಿಂದ ಆರಂಭಿಸಬೇಕೆಂಬುದನ್ನು ಕೈಪಿಡಿ ಹೇಳುತ್ತದೆ.

ಬ್ರೇಕಿನ ಪುಟ್ಟ ನಿಪ್ಪಲ್‌ಗೆ ಪಾರದರ್ಶಕ ನಳಿಗೆ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ದ್ರವವಿರುವ ಬಾಟಲಿಯಲ್ಲಿ ಮುಳುಗಿಸಬೇಕು. ಅಪ್ಪ ‘ಒತ್ತು’ ಎಂದಾಗ ಮಗಳು ಪೆಡಲನ್ನು ನಿಧಾನವಾಗಿ ಒತ್ತಿ ಹಿಡಿಯುತ್ತಾಳೆ. ಅಪ್ಪ ನಿಪ್ಪಲ್ ಸಡಿಲಿಸುತ್ತಾನೆ, ದ್ರವ ಹೊರಬರುತ್ತದೆ. ನಿಪ್ಪಲ್ ಬಿಗಿಮಾಡಿದ ಮೇಲೆಯೇ ‘ಬಿಡು’ ಎನ್ನಬೇಕು. ಅವಳು ಮೊದಲೇ ಕಾಲು ತೆಗೆದರೆ ಗಾಳಿ ಒಳಕ್ಕೆ ಎಳೆದುಕೊಂಡೀತು. ಗುಳ್ಳೆ ನಿಂತು, ತಿಳಿಯಾದ ಹೊಸ ದ್ರವ ಬರುವವರೆಗೆ ಇದೇ ಕ್ರಮ. ಹಳೆಯ ಕಾರಾದರೆ ಪೆಡಲಿನ ಕೆಳಗೆ ಮರದ ತುಂಡಿಡುವುದು ಒಳ್ಳೆಯದು. ಪೆಡಲು ನೆಲ ಮುಟ್ಟುವಷ್ಟು ಇಳಿದರೆ ಒಳಗಿನ ಸೀಲು ತರಚಬಹುದು. ಬಣ್ಣದ ಮೇಲೆ ದ್ರವ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಬೇಕು.

ಕಾಲಿಗೆ ಎಟುಕದ ಮೂಲೆ

ಇಷ್ಟು ಕೆಲಸ ಹಳೆಯ ಕಾರಿಗೂ ಹೊಸ ಕಾರಿಗೂ ಬಹುಮಟ್ಟಿಗೆ ಒಂದೇ. ಆದರೆ ಎಬಿಎಸ್ ಇರುವ ಕಾರಿನಲ್ಲಿ ಒಂದು ಗೆರೆ ಇದೆ. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಪೂರ್ತಿ ನಿಂತು ಜಾರತೊಡಗಿದರೆ ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗದು. 1978ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಬಾಷ್ ಕಂಪನಿಯ ಎಬಿಎಸ್ ಬಂದದ್ದು ಇದನ್ನು ತಡೆಯಲೆಂದೇ. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯ. ಚಕ್ರದ ವೇಗವನ್ನು ಸೆನ್ಸರ್ ಅಳೆಯುತ್ತದೆ. ಚಕ್ರ ನಿಲ್ಲುವ ಸೂಚನೆ ಸಿಕ್ಕೊಡನೆ ವಿದ್ಯುತ್ ಕವಾಟಗಳು ದ್ರವದ ಒತ್ತಡವನ್ನು ಸೆಕೆಂಡಿಗೆ ಹಲವು ಬಾರಿ ಇಳಿಸಿ ಏರಿಸುತ್ತವೆ.

ಈ ಕವಾಟಗಳ ಹಿಂದೆ ಪುಟ್ಟ ಪಂಪು, ಪುಟ್ಟ ಕೋಣೆಗಳಿವೆ. ಎಬಿಎಸ್ ಕೆಲಸ ಮಾಡದಿರುವಾಗ ಅವುಗಳ ಬಾಗಿಲು ಮುಚ್ಚಿರುತ್ತದೆ. ಪೆಡಲು ಒತ್ತಿ ಹೊರಡಿಸಿದ ದ್ರವ ಅಲ್ಲಿಗೆ ಹೋಗುವುದಿಲ್ಲ. ದ್ರವ ಬದಲಾಯಿಸುವಾಗ ಮೇಲಿನ ಡಬ್ಬಿ ಬರಿದಾಗದಂತೆ ನೋಡಿಕೊಂಡರೆ ಹೆಚ್ಚಿನ ಕಾರುಗಳಲ್ಲಿ ತೊಂದರೆಯಿಲ್ಲ. ಬರಿದಾದರೆ? ಗಾಳಿ ಎಬಿಎಸ್ ಘಟಕದೊಳಕ್ಕೆ ನುಗ್ಗಬಹುದು. ಅದನ್ನು ತೆಗೆಯಲು ಕಂಪ್ಯೂಟರ್ ಉಪಕರಣ ಜೋಡಿಸಿ ಪಂಪು, ಕವಾಟಗಳನ್ನು ಓಡಿಸಬೇಕಾಗುತ್ತದೆ. ಕೆಲವು ಹಳೆಯ ಮಾದರಿಗಳಲ್ಲಂತೂ ಭಾರೀ ಒತ್ತಡದ ದ್ರವ ಸಂಗ್ರಹವಾಗಿರುತ್ತದೆ. ಅವು ಮನೆಗೆಲಸದ ವಸ್ತುವಲ್ಲ.

ಕೆಲಸ ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ ಪೆಡಲು ಒತ್ತಿ ನೋಡಬೇಕು. ಗಟ್ಟಿಯಾಗಿ ನಿಂತರೆ, ಎಬಿಎಸ್ ದೀಪವೂ ಆರಿದ್ದರೆ, ಖಾಲಿ ಮೈದಾನದಲ್ಲಿ ನಿಧಾನವಾಗಿ ಓಡಿಸಿ ಪರೀಕ್ಷಿಸಬಹುದು. ಮೆತ್ತಗಿದ್ದರೆ ಆ ಕಾರು ರಸ್ತೆಗಿಳಿಯಕೂಡದು, ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಬೇಕು. ಹೊಸ ದ್ರವ ತುಂಬಿದ ಮಾತ್ರಕ್ಕೆ ಘಟ್ಟದಲ್ಲಿ ಮೈಮರೆಯುವಂತೆಯೂ ಇಲ್ಲ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂದು ಡ್ರೈವರುಗಳು ಹೇಳುವುದು ಸುಮ್ಮನೆ ಅಲ್ಲ. ಎಂಜಿನ್ ಕಾರನ್ನು ಹಿಡಿದಿಟ್ಟಷ್ಟೂ ಬ್ರೇಕ್ ಕಾಯುವುದು ಕಡಿಮೆ. ಬ್ರೇಕ್ ಕಾಯದಿದ್ದರೆ ಗುಳ್ಳೆ ಹುಟ್ಟುವುದೂ ಇಲ್ಲ.