ಬಯಲುಸೀಮೆಯ ಪಾಲಿನ ಕಡಲು

ಯಾದಗಿರಿಯ ರೈಲು ನಿಲ್ದಾಣದಲ್ಲಿ ನಿಂತವನಿಗೆ ಎಡಕ್ಕೂ ಬಲಕ್ಕೂ ಕಡಲುಂಟು. ಹಳಿ ಒಂದು ಕಡೆ ಮುಂಬಯಿಗೆ ಹೋಗುತ್ತದೆ, ಇನ್ನೊಂದು ಕಡೆ ಚೆನ್ನೈಗೆ. ನಮ್ಮ ಸುರಪುರ, ಶಹಾಪುರಗಳ ಸೀಮೆಯಲ್ಲಿ ಹರಿಯುವ ಕೃಷ್ಣೆಯಾದರೋ ಪಶ್ಚಿಮ ಸಮುದ್ರಕ್ಕೆ ನೂರು ಕಿಲೋಮೀಟರೂ ದೂರವಿಲ್ಲದ ಮಹಾಬಳೇಶ್ವರದಲ್ಲಿ ಹುಟ್ಟಿ, ಅದಕ್ಕೆ ಬೆನ್ನು ತಿರುಗಿಸಿ, ನಾರಾಯಣಪುರದ ಬಸವಸಾಗರದಲ್ಲಿ ತುಸು ತಂಗಿ, ಪೂರ್ವ ಸಮುದ್ರವನ್ನು ಸೇರುತ್ತಾಳೆ. ಹೀಗೆ ಹಳಿಯೂ ಹೊಳೆಯೂ ಕಡಲಿಗೇ ಹೋಗುವ ನಾಡಿನಲ್ಲಿ, ಕಡಲನ್ನು ಒಮ್ಮೆಯೂ ಕಾಣದೆ ಕಣ್ಣು ಮುಚ್ಚಿದವರು ಎಷ್ಟೋ ಮಂದಿ. ನನ್ನ ತಾಯಿ ಅವರಲ್ಲಿ ಒಬ್ಬಳು.

ಕೇಳುಗ ಮಿತ್ರರೆ, ಈ ಹೊತ್ತು ನಾನು ವಿಚಾರಮಾಡಬೇಕೆಂದಿರುವ ಪ್ರಶ್ನೆ ಇದು: ಬಡವರು ಕಡಲನ್ನು ಕಂಡು ಸಂತೋಷಪಡುವುದಕ್ಕಾಗಿ ಸಾರ್ವಜನಿಕರ ಹಣ ವೆಚ್ಚವಾಗುವುದು ಸರಿಯೆ? ಸರಿಯಾದಲ್ಲಿ ಅದು ಯಾವ ರೀತಿಯಲ್ಲಿ ವೆಚ್ಚವಾಗಬೇಕು?

ಇದಕ್ಕೆ ಮೊದಲ ಆಕ್ಷೇಪ ನಮ್ಮ ಜಿಲ್ಲೆಯಿಂದಲೇ ಬರುವುದುಂಟು. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಯಾದಗಿರಿ, ಶಹಾಪುರ, ಸುರಪುರ ಮೂರೂ ಆ ಪಟ್ಟಿಯಲ್ಲಿದ್ದವು. 2018ರಲ್ಲಿ ಕೇಂದ್ರ ಸರ್ಕಾರ ದೇಶದ ಮಹತ್ವಾಕಾಂಕ್ಷೆಯ ಜಿಲ್ಲೆಗಳನ್ನು ಆರಿಸಿದಾಗ ಕರ್ನಾಟಕದಿಂದ ಸೇರಿದ್ದು ರಾಯಚೂರು ಮತ್ತು ಯಾದಗಿರಿ. ‘ಇಂಥಲ್ಲಿ ಶಾಲೆ ಬೇಕು, ಆಸ್ಪತ್ರೆ ಬೇಕು, ಕುಡಿಯುವ ನೀರು ಬೇಕು, ಸಮುದ್ರವೇತಕ್ಕೆ?’ ಎಂದು ಕೇಳುವವರ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು.

ಇದಕ್ಕೆ ಉತ್ತರವನ್ನು ನನಗೆ ಕೊಟ್ಟವನು ಒಬ್ಬ ಹುಡುಗ. ನಾನು ಉಪಾಧ್ಯಾಯನಾಗಿದ್ದಾಗ ವರ್ಷಕ್ಕೊಮ್ಮೆ ಶಾಲೆಯ ಪ್ರವಾಸ ಹೊರಡುತ್ತಿತ್ತು. ಹಣ ಪಾಲಕರದು. ತರಗತಿಯಲ್ಲಿ ಮೂರರಲ್ಲೊಂದು ಪಾಲು ಮಕ್ಕಳು ಹೆಸರು ಕೊಡುತ್ತಿದ್ದರು. ಉಳಿದವರು ಪ್ರವಾಸದ ದಿನಗಳಲ್ಲಿ ಶಾಲೆಯ ಕಡೆ ಸುಳಿಯುತ್ತಲೇ ಇರಲಿಲ್ಲ. ಹೋಗದೆ ಉಳಿದವರೆಂದು ಎಣಿಸಿಕೊಳ್ಳುವ ಅವಮಾನ ಅವರಿಗೆ ಬೇಡವಾಗಿತ್ತು. ಮುಂದೆ ಸರ್ಕಾರದ ವೆಚ್ಚದ ಪ್ರವಾಸ ಬಂದ ಮೇಲೆ ಅಂಥ ಮಕ್ಕಳೊಡನೆ ನಾನೂ ಕರಾವಳಿಗೆ ಹೋದೆ. ಮಂಗಳೂರಿನ ಸಮೀಪ ಮರಳದಂಡೆಯ ಮೇಲೆ ಎಲ್ಲರೂ ಕೇಕೆ ಹಾಕುತ್ತಿರುವಾಗ ಒಬ್ಬ ಹುಡುಗ ಸುಮ್ಮನೆ ನಿಂತಿದ್ದ. ಯಾಕಪ್ಪಾ ಎಂದು ಕೇಳಿದೆ. ‘ಸರ, ನಮ್ಮಪ್ಪ ಇದೇ ಊರಾಗ ಕೆಲಸ ಮಾಡ್ತಾನ್ರೀ. ನಾಕು ವರ್ಷ ಆತು. ಸಮುದ್ರ ಹೆಂಗ ಅದ ಅಂತ ಕೇಳಿದ್ರ, ನಾ ನೋಡಿಲ್ಲೋ ಅಂದಾನ್ರೀ’ ಎಂದ.

ನಮ್ಮ ಭಾಗದ ಜನ ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ, ಮುಂಬಯಿಗೆ, ಗೋವೆಗೆ, ಮಂಗಳೂರಿಗೆ ದುಡಿಯಲು ಹೋಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಕಡಲ ತಡಿಯ ಎತ್ತರದ ಮನೆಗಳಿಗೆ ಇಟ್ಟಿಗೆ ಹೊತ್ತವರಲ್ಲಿ ನಮ್ಮವರಿದ್ದಾರೆ. ಕಡಲು ಅವರಿಗೆ ದೂರವೆಂಬುದು ಸುಳ್ಳು. ಅವರಿಗಿಲ್ಲದಿರುವುದು ಬಿಡುವು, ಮತ್ತು ಅಲ್ಲಿ ಸುಮ್ಮನೆ ಕುಳಿತುಕೊಳ್ಳುವ ಹಕ್ಕು ತನಗೂ ಉಂಟೆಂಬ ಭಾವನೆ. ಅನುದಾನ ಮೊದಲು ತುಂಬಬೇಕಾದದ್ದು ಈ ಕೊರತೆಯನ್ನು.

ನಮ್ಮ ರಾಜ್ಯದಲ್ಲಿ ಈ ಬಗೆಯ ನೆರವು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಸರ್ಕಾರಿ ಪ್ರೌಢಶಾಲೆಯ ಮಕ್ಕಳನ್ನು ಕೆಲವು ದಿನಗಳ ಪ್ರವಾಸಕ್ಕೆ ಕರೆದೊಯ್ಯುವ ‘ಕರ್ನಾಟಕ ದರ್ಶನ’ ಅಂಥದೊಂದು ಯೋಜನೆ. ಎರಡನೆಯದು 2023ರ ಜೂನ್ 11ರಂದು ಜಾರಿಗೆ ಬಂದ ‘ಶಕ್ತಿ’. ಇದು ಪ್ರವಾಸದ ಯೋಜನೆಯಲ್ಲ. ಆದರೂ ರಾಜ್ಯದ ಹೆಣ್ಣುಮಕ್ಕಳು ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಟಿಕೇಟಿನ ಹಣವಿಲ್ಲದೆ ಸಂಚರಿಸಬಹುದಾದುದರಿಂದ, ಧರ್ಮಸ್ಥಳಕ್ಕೂ ಉಡುಪಿಗೂ ಹೊರಟ ಹೆಂಗಸರು ಅಲ್ಲಿಂದ ಕಡಲಿನವರೆಗೂ ಹೋಗಿಬರುವಂತಾಯಿತು. ದೇವರ ನೆಪದಲ್ಲಿ ಕಡಲು ಕಂಡವರು ನಮ್ಮ ಓಣಿಯಲ್ಲಿಯೇ ಇದ್ದಾರೆ.

ಆದರೆ ಬಸ್ಸಿನ ಖರ್ಚು ಒಟ್ಟು ಖರ್ಚಿನ ಒಂದು ಭಾಗ ಮಾತ್ರ. ಸುರಪುರದಿಂದ ಕಾರವಾರಕ್ಕೆ ಸುಮಾರು ನಾಲ್ಕು ನೂರು ಕಿಲೋಮೀಟರು. ಮಂಗಳೂರಿಗೆ ಐದು ನೂರಕ್ಕೂ ಮಿಕ್ಕು. ಒಂದೇ ದಿನದಲ್ಲಿ ಹೋಗಿಬರುವ ದಾರಿಯಲ್ಲ. ರಾತ್ರಿ ತಂಗಬೇಕು, ಉಣ್ಣಬೇಕು. ಅಷ್ಟು ದಿನದ ಕೂಲಿಯನ್ನೂ ಬಿಡಬೇಕು. ತಂಗುವ ಜಾಗವೇ ಇಲ್ಲವೆಂದಮೇಲೆ ಬಿಟ್ಟಿ ಬಸ್ಸು ಹತ್ತಿ ಫಲವೇನು?

ಈ ವಿಷಯದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಅನುಭವ ಗಮನಿಸತಕ್ಕದ್ದು. ಅಲ್ಲಿಯ ಮತದಾರರು 1972ರಲ್ಲಿ ಕರಾವಳಿಯ ರಕ್ಷಣೆಗೆ ಒಪ್ಪಿಗೆಯಿತ್ತರು. 1976ರಲ್ಲಿ ಅದು ಪೂರ್ಣ ಪ್ರಮಾಣದ ಕಾಯಿದೆಯಾಯಿತು. ಕಡಲತೀರ ಎಲ್ಲರಿಗೂ ತೆರೆದಿರಬೇಕು, ಕಡಿಮೆ ವೆಚ್ಚದ ತಂಗುದಾಣಗಳನ್ನು ಉಳಿಸಬೇಕು ಎಂಬುದನ್ನು ಆ ಕಾಯಿದೆಯಲ್ಲಿಯೇ ಬರೆದಿದ್ದಾರೆ. ಅಲ್ಲಿಯ ಕರಾವಳಿ ಸಂಸ್ಥೆಗಳು ಒಳನಾಡಿನ ಬಡ ಮಕ್ಕಳನ್ನು, ಅಂಗವಿಕಲರನ್ನು ಕಡಲಿಗೆ ಕರೆತರುವ ಸಂಘಗಳಿಗೆ ಅನುದಾನ ಕೊಡುತ್ತವೆ. ಹಣದ ಒಂದು ಪಾಲು ಬರುವ ದಾರಿ ಸ್ವಾರಸ್ಯದ್ದು: ತಿಮಿಂಗಿಲದ ಬಾಲದ ಚಿತ್ರವಿರುವ ವಾಹನ ಫಲಕವನ್ನು ಇಷ್ಟಪಟ್ಟು ಕೊಳ್ಳುವವರು ಹೆಚ್ಚಿಗೆ ತೆರುವ ಶುಲ್ಕ ಅದು. ಕಾರುಳ್ಳವನ ಶೋಕಿ ಬಸ್ಸಿಗೂ ಗತಿಯಿಲ್ಲದವನ ನೆರವಿಗೆ ಒದಗುತ್ತದೆ.

ನಮ್ಮಲ್ಲಿ ಆಗಬೇಕಾದದ್ದೇನು? ಮೊದಲನೆಯದು ತಂಗುದಾಣ. ಕರಾವಳಿಯ ಮೂರು ಜಿಲ್ಲೆಗಳಲ್ಲಿ ಸರ್ಕಾರದ ವಿದ್ಯಾರ್ಥಿ ನಿಲಯಗಳೂ ವಸತಿ ಶಾಲೆಗಳೂ ಇವೆ. ಮಳೆಗಾಲ ಕಳೆದು ದಸರೆಯ ರಜೆ ಬಂದಾಗ ಬರಿದಾಗುವ ಕೋಣೆಗಳಲ್ಲಿ ನಮ್ಮ ಮಕ್ಕಳನ್ನೂ ಅವರ ತಾಯಂದಿರನ್ನೂ ಇಳಿಸಬಹುದು. ಹೊಸ ಕಟ್ಟಡ ಬೇಕಿಲ್ಲ. ಎರಡನೆಯದು ಹಣ. ಸಂವಿಧಾನದ 371ಜೆ ವಿಧಿಯಿಂದಾಗಿ ನಮ್ಮ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಬಂದಿದೆ. ಪರಿಶಿಷ್ಟ ಜಾತಿ ಮತ್ತು ಬುಡಕಟ್ಟು ಉಪಯೋಜನೆಗಳಿಗೆ 2013ರ ಕಾಯಿದೆಯ ಬಲವಿದೆ. ರಸ್ತೆ, ಕಟ್ಟಡಗಳಿಗೆ ಸಲ್ಲುವ ಹಣದ ಪಕ್ಕದಲ್ಲಿ ಇದಕ್ಕೆ ತಗಲುವುದು ಚಿಟಿಕೆಯಷ್ಟು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ಜೀವರಕ್ಷಣೆ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಸತ್ತರು. ಬಯಲುಸೀಮೆಯ ಮಕ್ಕಳಿಗೆ ಕೆರೆಯ ನೀರು ಗೊತ್ತು, ಕಾಲುವೆಯ ನೀರು ಗೊತ್ತು. ಅಲೆಯ ನೀರು ಗೊತ್ತಿಲ್ಲ. ದಡಕ್ಕೆ ಅಪ್ಪಳಿಸಿದ ನೀರು ಹಿಂದಿರುಗುವಾಗ ಕೆಲವೆಡೆ ಕಿರಿದಾದ ಸೆಳವಾಗಿ ಒಟ್ಟುಗೂಡಿ ಕಡಲಿನೊಳಕ್ಕೆ ಎಳೆಯುತ್ತದೆ. ಅಲೆ ಒಡೆಯದೆ ಶಾಂತವಾಗಿ ಕಾಣುವ ಜಾಗದಲ್ಲಿಯೇ ಈ ಸೆಳವು ಇರುವುದುಂಟು. ಸಿಕ್ಕಿಕೊಂಡವರು ಅದಕ್ಕೆದುರಾಗಿ ಈಜಿದರೆ ದಣಿದು ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳವಿನಿಂದ ಹೊರಬಂದು ಆಮೇಲೆ ದಡದತ್ತ ತಿರುಗಬೇಕು. ಈಜು ಬಾರದವರು ಇಳಿಯಲೇಬಾರದು. ಇದನ್ನು ಹೊರಡುವ ಮುನ್ನ ತರಗತಿಯಲ್ಲಿ ಹೇಳಿಕೊಡಬೇಕು. ಜೀವರಕ್ಷಕರಿರುವ ತೀರಕ್ಕಲ್ಲದೆ ಬೇರೆಡೆಗೆ ಮಕ್ಕಳನ್ನು ಕರೆದೊಯ್ಯಕೂಡದು. 2020ರಲ್ಲಿ ‘ನೀಲಿ ಬಾವುಟ’ದ ಮನ್ನಣೆ ಪಡೆದ ಹೊನ್ನಾವರದ ಬಳಿಯ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿಗಳು ನಮಗೆ ಮಾದರಿಯಾಗಬೇಕು, ಶೌಚಾಲಯ, ಶುದ್ಧ ನೀರು, ಜೀವರಕ್ಷಕರು, ಅಂಗವಿಕಲರಿಗೆ ದಾರಿ ಇವೆಲ್ಲ ಆ ಮನ್ನಣೆಗೆ ಬೇಕಾದ ಅಂಶಗಳು. ಜೀವರಕ್ಷಕನ ಸಂಬಳವನ್ನೂ ಪ್ರವಾಸದ ಅನುದಾನದ ಅಂಗವೆಂದೇ ಎಣಿಸತಕ್ಕದ್ದು.

ಹೊಟ್ಟೆಗೆ ಹಿಟ್ಟು ಮೊದಲು ಎಂಬುದು ನಿಜ. ಆದರೆ ಬಡವನಿಗೆ ಹಿಟ್ಟಷ್ಟೇ ಸಾಕು ಎಂದು ತೀರ್ಮಾನಿಸುವ ಅಧಿಕಾರವನ್ನು ನಮಗೆ ಯಾರೂ ಕೊಟ್ಟಿಲ್ಲ. ಆ ಹುಡುಗ ಊರಿಗೆ ಮರಳುವಾಗ ಒಂದು ಬಾಟಲಿಯಲ್ಲಿ ಸಮುದ್ರದ ನೀರು ತುಂಬಿಕೊಂಡಿದ್ದ. ಯಾರಿಗೆ ಎಂದು ಕೇಳಿದ್ದಕ್ಕೆ, ‘ಅವ್ವಗ ರೀ, ಉಪ್ಪು ಅದನೋ ಇಲ್ಲೋ ಅಂತಾಳ’ ಎಂದ. ಆ ತಾಯಿ ಬಾಟಲಿಗೆ ಕಾಯದೆ, ತಾನೇ ಹೋಗಿ ನೋಡಿಬರುವ ದಿನ ಬರಬೇಕು. ಅದಕ್ಕೆ ತಗಲುವ ಹಣ ದಾನವಲ್ಲ. ಈ ರಾಜ್ಯದ ಸುಮಾರು ಮುನ್ನೂರು ಕಿಲೋಮೀಟರು ಕಡಲತೀರದಲ್ಲಿ ಬಯಲುಸೀಮೆಗೂ ಇರುವ ಪಾಲು.